ದೇಶಾವಕಾಶಿಕ ವ್ರತವೂ ದುಡಿಯುವ ಗೃಹಸ್ಥನೂ

ಒಂದು ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮ ಧರ್ಮದ ಪಾಠವನ್ನು ಮುಗಿಸಿ ಬಸದಿಯ ಜಗಲಿಯಲ್ಲಿ ಕುಳಿತಿದ್ದಾಗ ಒಬ್ಬ ತರುಣರು ಬಳಿಗೆ ಬಂದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವವರು; ಪರ್ವಕ್ಕೆಂದು ವರ್ಷಕ್ಕೊಮ್ಮೆ ಊರಿಗೆ ಬರುವವರು. ಅವರು ಹೇಳಿದುದು ಇಷ್ಟು: "ಮೇಷ್ಟರೆ, ಚತುರ್ದಶಿಯ ಉಪವಾಸ ನನಗೆ ಕಷ್ಟವಲ್ಲ. ಊಟಕ್ಕೆ ಏಳುವ ಅಗತ್ಯವಿಲ್ಲದ್ದರಿಂದ ಆ ದಿನ ಕಚೇರಿಯ ಕೆಲಸ ಇನ್ನಷ್ಟು ಸಾಗುತ್ತದೆ. ನನಗೆ ಕಷ್ಟವಾಗಿರುವುದು ಕೆಲಸವನ್ನು ಬಿಟ್ಟು ಏಳುವುದು. ಮನೆಗೆ ಬಂದರೂ ನಾನು ಮನೆಯಲ್ಲಿರುವುದಿಲ್ಲ. ನನ್ನ ನಾಲ್ಕು ವರ್ಷದ ಮಗಳು ನನ್ನ ಮುಖವನ್ನು ಎರಡು ಕೈಯಿಂದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು ಮಾತನಾಡುತ್ತಾಳೆ. ಹನ್ನೆರಡು ವ್ರತಗಳಲ್ಲಿ ನನ್ನಂಥವನಿಗೆ ಯಾವುದಾದರೂ ಇದೆಯೆ?"

"ದಿನವೂ ಸಾಮಾಯಿಕ ಮಾಡಿ" ಎಂದಷ್ಟೇ ಹೇಳಿ ಅವರನ್ನು ಅಂದು ಕಳುಹಿಸಿಕೊಟ್ಟೆನು. ಉತ್ತರ ತಪ್ಪಾಗಿರಲಿಲ್ಲ, ಆದರೆ ಪೂರ್ಣವೂ ಆಗಿರಲಿಲ್ಲ. ಅನಂತರ ಶ್ರಾವಕಾಚಾರವನ್ನು ಬಿಡಿಸಿ ನೋಡುವಾಗ, ಅವರ ಪ್ರಶ್ನೆಗೆ ನೇರವಾಗಿ ಎದುರು ನಿಂತಿರುವ ವ್ರತವೊಂದು ಕಣ್ಣಿಗೆ ಬಿದ್ದಿತು. ನಾವು ಹೆಸರು ಹೇಳಿ ದಾಟಿಬಿಡುವ, ಆಚರಣೆಯಲ್ಲಿ ಬಹುಮಟ್ಟಿಗೆ ಮರೆತಿರುವ ದೇಶಾವಕಾಶಿಕ ವ್ರತವೇ ಅದು. ಅಂದು ಕೊಡಲಾಗದ ಉತ್ತರವನ್ನು ಇಂದು ಪಾಠದ ರೂಪದಲ್ಲಿ ಓದುಗರ ಮುಂದಿಡುತ್ತಿದ್ದೇನೆ.

೧. ಉದ್ಯೋಗವು ದೋಷವಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಧರ್ಮವು ದುಡಿಮೆಗೆ ವಿರೋಧಿ, ಆದುದರಿಂದ ದುಡಿಯುವವನು ವ್ರತಕ್ಕೆ ಅನರ್ಹನೆಂದು ಕೆಲವರು ಭಾವಿಸುತ್ತಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಲಕ್ಷಣಗಳನ್ನು ಎಣಿಸುವಾಗ, ನ್ಯಾಯದಿಂದ ಧನವನ್ನು ಗಳಿಸುವುದನ್ನೇ ಮೊದಲಿಗೆ ಹೇಳುತ್ತಾರೆ. ಧರ್ಮ, ಅರ್ಥ, ಕಾಮ ಎಂಬ ಮೂರನ್ನೂ ಒಂದು ಇನ್ನೊಂದಕ್ಕೆ ಅಡ್ಡಿಯಾಗದಂತೆ ಸೇವಿಸಬೇಕೆಂಬುದೂ ಆ ಲಕ್ಷಣಗಳಲ್ಲಿ ಸೇರಿದೆ. ಇಲ್ಲಿ ಗಮನಿಸಬೇಕಾದುದು 'ಅಡ್ಡಿಯಾಗದಂತೆ' ಎಂಬುದನ್ನು. ಮೂರನ್ನೂ ಸಮತೂಕವಾಗಿ ತೂಗಬೇಕೆಂದು ಅವರು ಹೇಳಲಿಲ್ಲ. ಒಂದು ಇನ್ನೊಂದರ ಎಲ್ಲೆಯೊಳಗೆ ನುಗ್ಗಬಾರದೆಂದರು.

ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನಿಗಿಂತ ಹೆಚ್ಚಿನ ಹೊಣೆ ಹೊತ್ತ ಉದ್ಯೋಗಸ್ಥರು ನಮ್ಮಲ್ಲಿ ಎಷ್ಟು ಮಂದಿ? ಯುದ್ಧಗಳ ನಡುವೆಯೇ ಆತನು ಅಜಿತಸೇನಾಚಾರ್ಯರ, ನೇಮಿಚಂದ್ರಾಚಾರ್ಯರ ಬಳಿ ಶಿಷ್ಯನಾಗಿ ಕುಳಿತನು. ೯೭೮ರಲ್ಲಿ ತನ್ನ ಹೆಸರಿನ ಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಸುಮಾರು ೯೮೧ರಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದನು. ಪೌದನಪುರದ ಬಾಹುಬಲಿಯ ದರ್ಶನಕ್ಕಾಗಿ ಹಂಬಲಿಸಿದ ತಾಯಿ ಕಾಳಲದೇವಿಯನ್ನು ಕರೆದುಕೊಂಡು ಹೊರಟಾಗಲೇ ಬೆಳಗೊಳದ ಪ್ರಸಂಗ ಒದಗಿತೆಂದು ಐತಿಹ್ಯವು ಹೇಳುತ್ತದೆ. ದಂಡನಾಯಕನಿಗೆ ತಾಯಿಯೊಡನೆ ಯಾತ್ರೆ ಹೊರಡಲು ಬಿಡುವಿತ್ತೆಂದಲ್ಲ. ಬಿಡುವನ್ನು ಆತನು ಮಾಡಿಕೊಂಡನು.

೨. ವ್ರತದ ಸ್ವರೂಪ

ಶ್ರಾವಕನ ವ್ರತಗಳು ಹನ್ನೆರಡು: ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು. ಹತ್ತು ದಿಕ್ಕುಗಳಲ್ಲಿ ತಾನು ಹೋಗುವ, ವ್ಯವಹರಿಸುವ ಎಲ್ಲೆಯನ್ನು ಜೀವಾವಧಿಗೆ ಗೊತ್ತುಮಾಡಿಕೊಳ್ಳುವುದು ದಿಗ್ವ್ರತ. ಆ ದೊಡ್ಡ ಎಲ್ಲೆಯೊಳಗೆ, ಗೊತ್ತಾದ ಕಾಲದವರೆಗೆ, ಇನ್ನೂ ಚಿಕ್ಕದಾದ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ ಅಥವಾ ದೇಶಾವಕಾಶಿಕ. ಆಚಾರ್ಯ ಉಮಾಸ್ವಾಮಿಗಳು ಇದನ್ನು ದಿಗ್ವ್ರತದ ಬೆನ್ನಿಗೇ ಹೇಳಿದರೆ, ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶಿಕ್ಷಾವ್ರತಗಳ ಮೊದಲಿಗೆ, ಸಾಮಾಯಿಕಕ್ಕಿಂತಲೂ ಮುಂಚೆ ಇಟ್ಟಿದ್ದಾರೆ. ಶಿಕ್ಷಾವ್ರತವೆಂದರೆ ಅಭ್ಯಾಸದ ವ್ರತ. ಮತ್ತೆ ಮತ್ತೆ ಮಾಡಿ ಕಲಿಯುವಂಥದು. ಈ ಕ್ರಮದಲ್ಲಿ ಒಂದು ಅರ್ಥವನ್ನು ಕಾಣಬಹುದು. ಎಲ್ಲೆ ಹಾಕಿಕೊಳ್ಳಲು ಕಲಿಯದವನಿಗೆ ಸಾಮಾಯಿಕಕ್ಕೆ ಕುಳಿತುಕೊಳ್ಳುವ ಜಾಗವೇ ಇರುವುದಿಲ್ಲ. ನಾನು ಆ ತರುಣರಿಗೆ ಕೊಟ್ಟ ಉತ್ತರದ ಕೊರತೆ ಇದೇ ಆಗಿತ್ತು.

ಮನೆ, ಊರು, ಹೊಲ, ನದಿ, ಕಾಡು ಮುಂತಾದುವನ್ನು ಸ್ಥಳದ ಗಡಿಯಾಗಿಯೂ, ವರ್ಷ, ಅಯನ, ಋತು, ಮಾಸ, ಪಕ್ಷಗಳನ್ನು ಕಾಲದ ಗಡಿಯಾಗಿಯೂ ಇಟ್ಟುಕೊಳ್ಳಬಹುದೆಂದು ಸಮಂತಭದ್ರರು ತಿಳಿಸುತ್ತಾರೆ. ಹಾಗೆ ಹಾಕಿಕೊಂಡ ಗಡಿಯ ಆಚೆಗೆ ಸ್ಥೂಲ, ಸೂಕ್ಷ್ಮ ಪಾಪಗಳೆರಡೂ ನಿಂತುಹೋಗುವುದರಿಂದ, ಆ ಕ್ಷೇತ್ರದ ಮಟ್ಟಿಗೆ ಗೃಹಸ್ಥನೂ ಮಹಾವ್ರತವನ್ನು ಸಾಧಿಸಿದಂತಾಗುತ್ತದೆಂಬುದು ಅವರ ಅಭಿಪ್ರಾಯ. ದುಡಿಯುವವನಿಗೆ ಇದಕ್ಕಿಂತ ದೊಡ್ಡ ಆಶ್ವಾಸನೆ ಬೇಕಿಲ್ಲ. ಸಂಜೆಯ ಎರಡು ಗಂಟೆಯ ಕಾಲ ಮನೆಯ ಹೊಸ್ತಿಲನ್ನು ಗಡಿ ಮಾಡಿಕೊಂಡವನು ಅಷ್ಟು ಹೊತ್ತು ಹೊಸ್ತಿಲಿನ ಆಚೆಗೆ ನಿರಾರಂಭಿಯೇ ಸರಿ.

ಉದ್ಯೋಗ ಮತ್ತು ಸಂಸಾರಗಳ ವಿಷಯದಲ್ಲಿ ಜನರು ತಕ್ಕಡಿಯ ಮಾತನ್ನಾಡುತ್ತಾರೆ. ಎರಡು ತಟ್ಟೆಗಳೂ ಸಮವಾಗಿರಬೇಕೆನ್ನುತ್ತಾರೆ. ನನ್ನ ಅನುಭವದಲ್ಲಿ ಆ ತಕ್ಕಡಿ ಎಂದೂ ಸಮವಾಗಿ ನಿಲ್ಲುವುದಿಲ್ಲ. ಒಂದು ತಟ್ಟೆಯಲ್ಲಿ ಸಂಬಳ, ಬಡ್ತಿ, ಮೇಲಧಿಕಾರಿಯ ಅಸಮಾಧಾನ. ಇನ್ನೊಂದು ತಟ್ಟೆಯಲ್ಲಿ ಕೇಳದೆ ಕಾಯುವ ಮಗು, ಕೇಳಿ ಸುಮ್ಮನಾಗುವ ತಾಯಿ. ದಿನದಿನವೂ ತೂಗುತ್ತ ಹೋದರೆ ಭಾರವಾದ ತಟ್ಟೆಯೇ ಗೆಲ್ಲುತ್ತದೆ. ವ್ರತವು ತಕ್ಕಡಿಯಲ್ಲ, ಬೇಲಿ. ಬೇಲಿ ತೂಗುವುದಿಲ್ಲ; ಇಲ್ಲಿಯವರೆಗೆ, ಇಷ್ಟು ಹೊತ್ತು ಎಂದು ಮೊದಲೇ ನಿಶ್ಚಯಿಸುತ್ತದೆ.

೩. ಐದು ಅತಿಚಾರಗಳು

ಬೇಲಿ ಹಾಕಿದ ಮೇಲೆ ಅದನ್ನು ಮುರಿಯದೆಯೇ ಆಚೆಗೆ ಕೈಚಾಚುವ ಉಪಾಯಗಳನ್ನು ಮನುಷ್ಯನು ಹುಡುಕುತ್ತಾನೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಈ ವ್ರತಕ್ಕೆ ಅವರು ಹೇಳಿರುವ ಐದು ಅತಿಚಾರಗಳನ್ನು ಇಂದಿನ ಬಾಳಿನೊಡನೆ ಹೊಂದಿಸಿ ನೋಡಿದರೆ ಅಚ್ಚರಿಯಾಗುತ್ತದೆ.

(ಅ) ಆನಯನ: ತಾನು ಎಲ್ಲೆಯೊಳಗೆ ಕುಳಿತು ಹೊರಗಿನ ವಸ್ತುವನ್ನು ಒಳಗೆ ತರಿಸಿಕೊಳ್ಳುವುದು. ಕಚೇರಿಯಿಂದ ಹೊರಟು ಬಂದು, ಕಚೇರಿಯ ಕಡತವನ್ನು ಚೀಲದಲ್ಲಿಯೋ ಲ್ಯಾಪ್‌ಟಾಪಿನಲ್ಲಿಯೋ ಮನೆಗೆ ತರುವುದು ಇದೇ ಜಾತಿಯದು.

(ಆ) ಪ್ರೇಷ್ಯಪ್ರಯೋಗ: ತಾನು ಹೋಗದೆ ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು. ತನ್ನ ರಜೆಯನ್ನು ಕಾಪಾಡಿಕೊಂಡು ಕೈಕೆಳಗಿನವರನ್ನು ಭಾನುವಾರ ದುಡಿಸುವ ಅಧಿಕಾರಿ ಈ ದೋಷಕ್ಕೆ ಗುರಿಯಾಗುತ್ತಾನೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವಕ್ಕೆ ದಾರಿಯೇ. ಮನೆಯಲ್ಲಿಯೂ ಇದನ್ನು ಕಾಣಬಹುದು. ಗಂಡನು ಸಾಮಾಯಿಕಕ್ಕೆ ಕುಳಿತಿರುತ್ತಾನೆ. ಹೆಂಡತಿಯೂ ಅದೇ ಹೊತ್ತಿಗೆ ಉದ್ಯೋಗದಿಂದ ಬಂದವಳು, ಆದರೆ ಅಡಿಗೆ, ಮಕ್ಕಳ ಪಾಠ, ಹಿರಿಯರ ಔಷಧಿ ಎಲ್ಲವೂ ಅವಳ ಮೇಲೆ. ಒಬ್ಬರ ವ್ರತವು ಇನ್ನೊಬ್ಬರ ಹೊರೆಯಾದರೆ ವ್ರತದಲ್ಲಿ ಎಲ್ಲಿಯೋ ಬಿರುಕಿದೆಯೆಂದು ತಿಳಿಯಬೇಕು.

(ಇ) ಶಬ್ದಾನುಪಾತ: ಕೆಮ್ಮಿ, ಕೂಗಿ, ಧ್ವನಿಯಿಂದ ಎಲ್ಲೆಯಾಚೆಯವರಿಗೆ ಸೂಚನೆ ಕೊಡುವುದು. ದೂರವಾಣಿಯೆಂಬ ಯಂತ್ರ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಅದರ ದೋಷವನ್ನು ಹೆಸರಿಸಿದಂತಿದೆ.

(ಈ) ರೂಪಾನುಪಾತ: ತನ್ನ ರೂಪವನ್ನು ತೋರಿಸಿ ಹೊರಗಿನವರನ್ನು ಪ್ರೇರಿಸುವುದು. ಊಟದ ತಟ್ಟೆಯ ಮುಂದೆ ಕುಳಿತೇ ವಿಡಿಯೋ ಸಭೆಯಲ್ಲಿ ಮುಖ ತೋರಿಸುವುದನ್ನು ಬೇರೆ ಹೇಗೆ ವರ್ಣಿಸುವುದು?

(ಉ) ಪುದ್ಗಲಕ್ಷೇಪ: ಕಲ್ಲನ್ನೋ ಹೆಂಟೆಯನ್ನೋ ಎಸೆದು ಗಮನ ಸೆಳೆಯುವುದು. ಮಾತಿಲ್ಲದೆ, ಮುಖವಿಲ್ಲದೆ, ಬೆರಳ ತುದಿಯಿಂದ ಎಸೆಯುವ ಮೊಬೈಲ್ ಸಂದೇಶಗಳು ಇಂಥ ಹೆಂಟೆಗಳೇ. ಒಂದು ಸಣ್ಣ ಹೆಂಟೆಯೇ ಎಂದು ಎಸೆಯುತ್ತೇವೆ. ಅತ್ತಲಿಂದ ಹತ್ತು ಬಂದು ಬೀಳುತ್ತವೆ.

ಅತಿಚಾರವೆಂದರೆ ವ್ರತಭಂಗವಲ್ಲ, ವ್ರತವು ನಿಂತಿದ್ದೂ ಒಳಗಿನಿಂದ ಸವೆಯುವುದು. ಮನೆಯಲ್ಲಿದ್ದೂ ಮನೆಯಲ್ಲಿಲ್ಲದ ಆ ತರುಣರ ಸ್ಥಿತಿಯನ್ನು ಇದಕ್ಕಿಂತ ಸರಿಯಾಗಿ ಹೇಳಲಾರೆನು.

೪. ಉಪವಾಸವೂ ಲಂಘನವೂ

ಈಗ ಅವರ ಚತುರ್ದಶಿಯ ವಿಷಯ. ಕಷಾಯ, ಇಂದ್ರಿಯ ವಿಷಯ, ಆಹಾರ ಈ ಮೂರರ ತ್ಯಾಗವು ಎಲ್ಲಿ ಕೂಡಿರುವುದೋ ಅದು ಉಪವಾಸ; ಉಳಿದುದು ಬರಿಯ ಲಂಘನವೆಂದು ಹಿರಿಯರು ಭೇದ ಮಾಡಿದ್ದಾರೆ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಹಿಂದಿನ ದಿನವೂ ಮರುದಿನವೂ ಏಕಭುಕ್ತ, ನಡುವೆ ಉಪವಾಸ; ಹೀಗೆ ೧೬ ಪ್ರಹರಗಳು, ಅಂದರೆ ೪೮ ಗಂಟೆಗಳು. ಆ ಕಾಲದಲ್ಲಿ ಬಿಡಬೇಕಾದುವುಗಳಲ್ಲಿ ಆರಂಭವೂ, ಅಂದರೆ ವ್ಯಾಪಾರ ಉದ್ಯೋಗಗಳ ಓಡಾಟವೂ ಸೇರಿದೆ. ಊಟವನ್ನು ಬಿಟ್ಟು ಉಳಿಸಿದ ಹೊತ್ತನ್ನು ಉದ್ಯೋಗಕ್ಕೆ ಸುರಿದರೆ, ಹೊಟ್ಟೆ ಮಾತ್ರ ಖಾಲಿಯಾಯಿತು; ಮನಸ್ಸು ತುಂಬಿಯೇ ಇತ್ತು.

ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಪರ್ವದ ಉಪವಾಸಗಳನ್ನು ನಾನು ತಪ್ಪಿಸಿದವನಲ್ಲ. ಆದರೆ ಆ ದಿನಗಳಲ್ಲಿ ಶಾಲೆಯ ಲೆಕ್ಕಪತ್ರ, ಉತ್ತರಪತ್ರಿಕೆಗಳ ಕಟ್ಟು ಎಲ್ಲವನ್ನೂ ಮನೆಗೆ ತಂದು ರಾತ್ರಿಯವರೆಗೆ ಕೂರುತ್ತಿದ್ದೆನು. ಉಪವಾಸದ ದಿನ ಕೆಲಸ ಚೆನ್ನಾಗಿ ಸಾಗುತ್ತದೆಂದು ಹೆಮ್ಮೆಯಿಂದ ಹೇಳುತ್ತಲೂ ಇದ್ದೆನು. ನನ್ನ ತಾಯಿಗೆ ಕಣ್ಣು ಮಂದವಾಗಿತ್ತು. ರತ್ನಾಕರವರ್ಣಿಯ ಭರತೇಶ ವೈಭವವನ್ನು ಪರ್ವದ ಸಂಜೆಗಳಲ್ಲಿ ನನ್ನಿಂದ ಓದಿಸಿ ಕೇಳುವುದು ಆಕೆಯ ಆಸೆ. ಕೆಲವು ಸಂಜೆ ಓದಿದೆನು. ಆಮೇಲೆ, "ಪರೀಕ್ಷೆ ಮುಗಿಯಲಿ" ಎಂದೆನು. "ತಪಾಸಣೆ ಮುಗಿಯಲಿ" ಎಂದೆನು. ಆಕೆ ವ್ಯಾಸಪೀಠದ ಮೇಲೆ ಗ್ರಂಥವನ್ನು ತೆರೆದಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದು, ಮತ್ತೆ ಮುಚ್ಚಿ ಏಳುತ್ತಿದ್ದಳು. ಆ ಕಾವ್ಯದಲ್ಲಿ ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂದು ಐದು ಭಾಗಗಳು. ಆಕೆ ತೀರಿಕೊಂಡಾಗ ಗುರುತಿನ ದಾರವು ದಿಗ್ವಿಜಯದ ನಡುವೆ ನಿಂತಿತ್ತು. ಯೋಗವಿಜಯವನ್ನು ಆಕೆ ಕೇಳಲಿಲ್ಲ.

ಅರಮನೆಯಲ್ಲಿದ್ದು ಆತ್ಮಧ್ಯಾನವನ್ನು ಬಿಡದ ಭರತ ಚಕ್ರವರ್ತಿಯ ಕಥೆಯನ್ನು ಓದುವುದಕ್ಕೆ ನನಗೆ ಶಾಲೆಯ ಕೆಲಸ ಅಡ್ಡಬಂದಿತು! ಆ ವರ್ಷಗಳ ಲೆಕ್ಕಪತ್ರಗಳು ಈಗ ಎಲ್ಲಿವೆಯೋ ನನಗೆ ತಿಳಿಯದು. ಆ ದಾರ ಮಾತ್ರ ಇನ್ನೂ ಗ್ರಂಥದಲ್ಲಿದೆ. ಅಂದಿನ ನನ್ನ ಉಪವಾಸಗಳನ್ನು ನಾನು ಲಂಘನಗಳೆಂದೇ ಎಣಿಸುತ್ತೇನೆ.

೫. ಅತಿಭಾರಾರೋಪಣ

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು: ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು ಕುದುರೆಗಳ ಮೇಲೆ, ಆಳುಗಳ ಮೇಲೆ ಶಕ್ತಿಮೀರಿದ ಹೊರೆ ಹೊರಿಸುವುದೂ, ಹೊತ್ತಿಗೆ ಅನ್ನ ನೀರು ದೊರೆಯದಂತೆ ತಡೆಯುವುದೂ ಹಿಂಸೆಯ ದೋಷಗಳು. ಇರುವೆಯನ್ನು ದಾಟಿ ನಡೆಯುವವರು, ಗುಮಾಸ್ತನನ್ನು ಮಧ್ಯಾಹ್ನದ ಊಟದ ಹೊತ್ತು ಮೀರಿ ನಿಲ್ಲಿಸಿಕೊಳ್ಳಬಹುದೆ? ನಮ್ಮಲ್ಲಿ ಅಂಗಡಿ ಕಾರ್ಖಾನೆಗಳನ್ನು ನಡೆಸುವವರು ಬಹು ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ತನ್ನ ದೇಹವೂ ಈ ಲೆಕ್ಕದಿಂದ ಹೊರಗಿಲ್ಲ. ಅದು ಧರ್ಮಸಾಧನೆಗೆ ಒದಗಿದ ಉಪಕರಣ.

ಲೋಕವೂ ಈ ಹೊರೆಗೆ ಮಿತಿ ಹಾಕಲು ಬಹುಕಾಲದಿಂದ ಯತ್ನಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೧೯೧೯ರ ತನ್ನ ಮೊದಲನೆಯ ಒಡಂಬಡಿಕೆಯಲ್ಲಿಯೇ ಕೈಗಾರಿಕೆಗಳಲ್ಲಿ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ಹೇಳಿತು. ವಾರಕ್ಕೆ ೫೫ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡ ೩೫ರಷ್ಟೂ, ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯ ಶೇಕಡ ೧೭ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದೇ ಕಾರ್ಮಿಕ ಸಂಘಟನೆ ೨೦೨೧ರಲ್ಲಿ ಅಂದಾಜು ಮಾಡಿದುವು. ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಸಂಪರ್ಕದಿಂದ ಬಿಡಿಸಿಕೊಳ್ಳುವ ಹಕ್ಕನ್ನು ಕುರಿತ ಕಾನೂನು ಫ್ರಾನ್ಸ್ ದೇಶದಲ್ಲಿ ೨೦೧೭ರ ಜನವರಿ ೧ರಿಂದ ಜಾರಿಗೆ ಬಂದಿತು. ಕಾನೂನು ಹೊರಗಿನಿಂದ ಹಾಕುವ ಬೇಲಿ. ವ್ರತವು ಒಳಗಿನಿಂದ ಹಾಕಿಕೊಳ್ಳುವ ಬೇಲಿ. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲಲಾರದು.

೬. ಅನುಷ್ಠಾನದ ಕ್ರಮ

ಕಾಲಾವಧಿಯಿಟ್ಟು ಮಾಡುವ ತ್ಯಾಗ ನಿಯಮ, ಜೀವಾವಧಿಯ ತ್ಯಾಗ ಯಮ. ಉದ್ಯೋಗಸ್ಥರು ನಿಯಮದಿಂದಲೇ ಆರಂಭಿಸುವುದು ಲೇಸು.

ಮೊದಲನೆಯದಾಗಿ, ಸ್ಥಳದ ಎಲ್ಲೆ. ಮನೆಯ ಬಾಗಿಲ ಬಳಿ ಒಂದು ಪೆಟ್ಟಿಗೆಯನ್ನಿಟ್ಟು, ಒಳಗೆ ಬಂದೊಡನೆ ಮೊಬೈಲನ್ನು ಅದರಲ್ಲಿಡಿರಿ. ಹಿಂದೆ ಸಾಮಾಯಿಕಕ್ಕೆ ಕುಳಿತುಕೊಳ್ಳುವವರು ಕೂದಲಿಗೋ ಬಟ್ಟೆಗೋ ಒಂದು ಗಂಟು ಹಾಕಿ, ಅದನ್ನು ಬಿಚ್ಚುವವರೆಗೆ ಏಳುವುದಿಲ್ಲವೆಂದು ಕಾಲದ ಗುರುತು ಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಮುಚ್ಚಳವೇ ನಿಮ್ಮ ಗಂಟು.

ಎರಡನೆಯದಾಗಿ, ಕಾಲದ ಎಲ್ಲೆ. ಸಾಮಾಯಿಕದ ಕನಿಷ್ಠ ಕಾಲ ಎರಡು ಘಳಿಗೆ, ಅಂದರೆ ೪೮ ನಿಮಿಷ. ಅದರ ಇಮ್ಮಡಿ, ೯೬ ನಿಮಿಷಗಳ ನಿಯಮವನ್ನು ವಾರದಲ್ಲಿ ಎರಡು ಸಂಜೆಗಳಿಗೆ ಮಾತ್ರ ಹಿಡಿಯಿರಿ. ಅರ್ಧ ಸಾಮಾಯಿಕ ಸ್ವಾಧ್ಯಾಯಗಳಿಗೆ, ಅರ್ಧ ಮನೆಯವರಿಗೆ. ಒಂದು ಪಕ್ಷ ನಡೆದ ಮೇಲೆ ಹೆಚ್ಚಿಸಬಹುದು.

ಮೂರನೆಯದಾಗಿ, ಎಲ್ಲೆಯನ್ನು ಮೇಲಧಿಕಾರಿಗೂ ಜೊತೆಗಾರರಿಗೂ ಮುಂಚಿತವಾಗಿ ವಿನಯದಿಂದ ತಿಳಿಸಿರಿ. ಗುಟ್ಟಾಗಿ ಹಿಡಿದ ನಿಯಮವು ಮೊದಲನೆಯ ಕರೆಗೇ ಮುರಿಯುತ್ತದೆ.

ನಾಲ್ಕನೆಯದಾಗಿ, ರಾತ್ರಿಭೋಜನ ತ್ಯಾಗಿಗಳ ತೊಂದರೆ. ಬೆಂಗಳೂರಿನಲ್ಲಿ ನವೆಂಬರ್ ತಿಂಗಳಿನಲ್ಲಿ ಸೂರ್ಯನು ಸುಮಾರು ೫-೫೦ಕ್ಕೇ ಮುಳುಗುತ್ತಾನೆ. ಜುಲೈ ಮೊದಲಲ್ಲಿ ಸುಮಾರು ೬-೫೦ಕ್ಕೆ. ಮನೆ ತಲುಪುವಷ್ಟರಲ್ಲಿ ಕತ್ತಲಾಗುವವರು ಬುತ್ತಿಯನ್ನು ಒಯ್ದು, ಸೂರ್ಯಾಸ್ತಕ್ಕೆ ಮೊದಲೇ ಹದಿನೈದು ನಿಮಿಷ ಕೆಲಸ ನಿಲ್ಲಿಸಿ ಉಣ್ಣಬೇಕು. ವ್ರತಕ್ಕಾಗಿ ಕೆಲಸವನ್ನು ನಿಲ್ಲಿಸುವ ಈ ಅಭ್ಯಾಸವೇ ದೊಡ್ಡ ಲಾಭ.

ಐದನೆಯದಾಗಿ, ತಿಂಗಳ ನಾಲ್ಕು ಪರ್ವಗಳಲ್ಲಿ ರಜೆಯ ದಿನಕ್ಕೆ ಬೀಳುವುದನ್ನು ಪಂಚಾಂಗದಲ್ಲಿ ಗುರುತು ಮಾಡಿಕೊಂಡು ಅಂದಾದರೂ ಆರಂಭತ್ಯಾಗ ಸಹಿತವಾಗಿ ಆಚರಿಸಿರಿ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಸಕ್ಕರೆ ರೋಗಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ನಿರಾಹಾರವಿರಬಾರದು. ಅವರು ಆಹಾರವನ್ನು ಬಿಡದೆ ಆರಂಭವನ್ನು ಬಿಡಲಿ; ಅದೂ ತಪಸ್ಸೇ.

ವೈದ್ಯರು, ದಾದಿಯರು, ಪೊಲೀಸರು, ವಿದ್ಯುತ್ ಇಲಾಖೆಯವರು ಕರೆ ಬಂದಾಗ ಓಡಲೇಬೇಕು. ಇನ್ನೊಬ್ಬರ ಪ್ರಾಣಕ್ಕಾಗಿ ಎದ್ದು ಹೋಗುವುದು ವ್ರತಭಂಗವಾಗದಂತೆ, ನಿಯಮ ಹಿಡಿಯುವಾಗಲೇ ಆ ವಿನಾಯಿತಿಯನ್ನು ಹೇಳಿ ಹಿಡಿಯಲಿ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬರುವ ಕರೆಗಳು ಪ್ರಾಣದ ಕರೆಗಳಲ್ಲವೆಂಬುದನ್ನು ಒಪ್ಪಿಕೊಳ್ಳೋಣ.

ಕೊನೆಯದಾಗಿ ಒಂದು ಎಚ್ಚರಿಕೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ ಎಂಬ ಎರಡಿವೆ. ಒಂದು ದಿಕ್ಕಿನಲ್ಲಿ ಕಡಿಮೆ ಮಾಡಿ ಇನ್ನೊಂದು ದಿಕ್ಕಿನಲ್ಲಿ ಎಲ್ಲೆಯನ್ನು ಬೆಳೆಸುವುದು ಮೊದಲನೆಯದು: "ಇಂದು ತಡವಾಗಲಿ, ನಾಳೆ ಬೇಗ ಬರುತ್ತೇನೆ" ಎಂಬ ಮಾತು. ಹಾಕಿದ ಎಲ್ಲೆಯನ್ನೇ ಮರೆಯುವುದು ಎರಡನೆಯದು. ನಾನು ನನ್ನ ತಾಯಿಗೆ ಹೇಳಿದುದು ಮೊದಲನೆಯದು; ಅದು ಬೆಳೆದು ಎರಡನೆಯದಾಯಿತು.

ಆತ್ಮಪರೀಕ್ಷೆಗೆ ಪ್ರಶ್ನೆಗಳು

೧. ಈ ವಾರ ನಾನು ಮನೆಗೆ ಹೊತ್ತು ತಂದ ಕೆಲಸದಲ್ಲಿ ನಿಜವಾಗಿ ಮರುದಿನದವರೆಗೆ ಕಾಯಲಾರದುದು ಎಷ್ಟು?
೨. ಐದು ಅತಿಚಾರಗಳಲ್ಲಿ ನನ್ನದು ಯಾವುದು?
೩. ನನ್ನ ವ್ರತದ ಹೊರೆಯನ್ನು ಮನೆಯಲ್ಲಿ ಯಾರು ಹೊರುತ್ತಿದ್ದಾರೆ? ಅವರಿಗೆ ಸಾಮಾಯಿಕಕ್ಕೆ ಹೊತ್ತು ಇದೆಯೆ?
೪. ನನ್ನ ಕೈಕೆಳಗೆ ದುಡಿಯುವವರು ಹೊತ್ತಿಗೆ ಉಂಡು ಹೊತ್ತಿಗೆ ಮನೆ ಸೇರುತ್ತಿದ್ದಾರೆಯೆ?
೫. "ಇದು ಮುಗಿಯಲಿ" ಎಂದು ನಾನು ಯಾರಿಗೆ ಹೇಳುತ್ತಿದ್ದೇನೆ?

ನಿವೃತ್ತನಾದ ಮೇಲೆ ಪ್ರತಿ ಚತುರ್ದಶಿಯ ಸಂಜೆ ನಾನು ಆ ದಾರವಿದ್ದಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದಲು ತೊಡಗಿದೆನು. ಮನೆಯಲ್ಲಿದ್ದವರು ಬಂದು ಕುಳಿತು ಕೇಳುತ್ತಾರೆ. ಯೋಗವಿಜಯವೂ ಮುಗಿದಿದೆ. ಆದರೆ ಅದನ್ನು ಕೇಳಬೇಕೆಂದಿದ್ದ ಒಬ್ಬರು ಅಲ್ಲಿಲ್ಲ. ಪ್ರಶ್ನೆ ಕೇಳಿದ ಆ ತರುಣರ ಕಣ್ಣಿಗೆ ಈ ಪಾಠವು ಬಿದ್ದರೆ ಅವರಲ್ಲಿ ನನ್ನ ಅರಿಕೆ ಇಷ್ಟೇ: ನಿಮ್ಮ ಮಗಳು ಇನ್ನೂ ನಿಮ್ಮ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಾಳೆ. ಅವಳು ಕೈಬಿಡುವುದಕ್ಕೆ ಮೊದಲೇ ನಿಯಮವನ್ನು ಹಿಡಿಯಿರಿ. ಇಂದಿನ ಸಂಜೆಯೇ ಅದಕ್ಕೆ ಶುಭಮುಹೂರ್ತ.